ಒಡೆಯುತ್ತದೆ ಎಂದು ಗೊತ್ತು, ಒಡೆದವರಿಲ್ಲ

ಐವತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳಿರುವ ಒಂದು ಸಂಖ್ಯೆಯಿದೆ. ಅದು ಅವಿಭಾಜ್ಯವಲ್ಲ, ಸಂಯುಕ್ತ ಸಂಖ್ಯೆ ಎಂಬುದು 1999ರಲ್ಲೇ ಸಾಬೀತಾಯಿತು. ಆದರೂ ಒಂದನ್ನೂ ಆ ಸಂಖ್ಯೆಯನ್ನೂ ಬಿಟ್ಟು ಅದರ ಒಂದೇ ಒಂದು ಅಪವರ್ತನವೂ ಈವರೆಗೆ ಸಿಕ್ಕಿಲ್ಲ. ಅಪವರ್ತನ ಕೈಗೆ ಸಿಗದೆ ಸಂಖ್ಯೆ ಒಡೆಯುತ್ತದೆ ಎಂದು ಹೇಳುವುದಾದರೂ ಹೇಗೆ?

ಕಥೆ ಶುರುವಾಗುವುದು ಫ್ರಾನ್ಸಿನ ಪಿಯರ್ ಡಿ ಫರ್ಮಾ ಅವರಿಂದ. 2ರ ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತ ಹೋಗಿ, ಬಂದದ್ದಕ್ಕೆ 1 ಕೂಡಿಸಿದರೆ 3, 5, 17, 257, 65537 ಸಿಗುತ್ತವೆ. ಐದೂ ಅವಿಭಾಜ್ಯ. ಈ ಸರಣಿ ಎಲ್ಲಿಯೂ ತಪ್ಪುವುದಿಲ್ಲ ಎಂದು 1640ರಲ್ಲಿ ಫರ್ಮಾ ನಂಬಿದರು. ಅದಕ್ಕೆ ಪುರಾವೆ ಮಾತ್ರ ಅವರ ಬಳಿ ಇರಲಿಲ್ಲ.

ಮುಂದಿನ ಸಂಖ್ಯೆ 4294967297. ಸೊನ್ನೆಯಿಂದ ಎಣಿಸುವ ರೂಢಿಯಂತೆ ಇದು ಐದನೇ ಫರ್ಮಾ ಸಂಖ್ಯೆ. 1732ರಲ್ಲಿ ಆಯ್ಲರ್ ಇದನ್ನು 641 × 6700417 ಎಂದು ಒಡೆದು ತೋರಿಸಿದರು. ಇದರ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಹಾಗಾಗಿ ಪರೀಕ್ಷಿಸಬೇಕಾದ ಅವಿಭಾಜ್ಯಗಳು 193, 257, 449, 577, 641 ಎಂದು ಬೆರಳೆಣಿಕೆಗೆ ಇಳಿಯುತ್ತವೆ. ಒಂದು ಹಾಳೆಯಲ್ಲಿ ಮುಗಿಯುವ ಲೆಕ್ಕ. ಫರ್ಮಾ ಅವರಂಥವರ ಕಣ್ಣಿಗೆ ಇದು ಬೀಳದೇ ಹೋದದ್ದು ನನಗೆ ಇಂದಿಗೂ ಅಚ್ಚರಿ.

ನಿಜವಾದ ತಿರುವು ಬಂದದ್ದು 1877ರಲ್ಲಿ, ಫರ್ಮಾ ಸಂಖ್ಯೆಯೊಂದು ಅವಿಭಾಜ್ಯವೋ ಅಲ್ಲವೋ ಎಂದು ತಿಳಿಸುವ, ಗಣಿತಜ್ಞ ಪೆಪಾನ್ ಅವರ ಪರೀಕ್ಷೆಯಿಂದ. 3ರಿಂದ ಆರಂಭಿಸಿ ವರ್ಗ ಮಾಡಬೇಕು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು, ಅದನ್ನು ಮತ್ತೆ ವರ್ಗ ಮಾಡಬೇಕು. 17ಕ್ಕೆ ಮೂರು ಸಲ ಸಾಕು: 3ರ ವರ್ಗ 9, 9ರ ವರ್ಗ 81, ಶೇಷ 13, 13ರ ವರ್ಗ 169, ಶೇಷ 16. ಕೊನೆಯ ಶೇಷ 17ಕ್ಕಿಂತ ಒಂದು ಕಡಿಮೆ. ಆದ್ದರಿಂದ 17 ಅವಿಭಾಜ್ಯ. ಬೇರೇನಾದರೂ ಬಂದಿದ್ದರೆ ಸಂಯುಕ್ತ. ತೀರ್ಪು ಖಚಿತ, ಆದರೆ ಅಪವರ್ತನದ ಸುಳಿವನ್ನೂ ಅದು ಕೊಡುವುದಿಲ್ಲ. ಅವಿಭಾಜ್ಯ ಸಂಖ್ಯೆಗಳು ಪಾಲಿಸಲೇಬೇಕಾದ ನಿಯಮವೊಂದನ್ನು ಈ ಸಂಖ್ಯೆ ಮುರಿದಿದೆ ಎಂದಷ್ಟೇ ಅದು ಹೇಳುತ್ತದೆ.

ಏಳನೇ ಫರ್ಮಾ ಸಂಖ್ಯೆಗೆ 39 ಅಂಕಿಗಳು. 127 ಸಲ ವರ್ಗ ಮಾಡಿದರೆ ಪರೀಕ್ಷೆ ಮುಗಿಯುತ್ತದೆ. ಕಂಪ್ಯೂಟರ್ ಇಲ್ಲದ 1905ರಲ್ಲೇ ಮೋರ್‌ಹೆಡ್ ಮತ್ತು ವೆಸ್ಟರ್ನ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಅದು ಸಂಯುಕ್ತ ಎಂದು ತೋರಿಸಿದರು. ಅಪವರ್ತನಗಳು ಸಿಕ್ಕಿದ್ದು 1970ರಲ್ಲಿ, ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಅವರಿಗೆ: 59649589127497217 ಮತ್ತು 5704689200685129054721. ಗೊತ್ತಾಗುವುದಕ್ಕೂ ಒಡೆಯುವುದಕ್ಕೂ ನಡುವೆ 65 ವರ್ಷ! ಹದಿನಾಲ್ಕನೆಯದರ ಒಂದು ಅಪವರ್ತನ, 54 ಅಂಕಿಗಳದ್ದು, 2010ರಲ್ಲಿ ದೊರೆಯಿತು. ಉಳಿದ ಭಾಗವೂ ಸಂಯುಕ್ತವೇ. ಅದು ಇನ್ನೂ ಒಡೆದಿಲ್ಲ.

ಈ ಅಂತರ ಬರೀ ಗಣಿತಜ್ಞರ ಕುತೂಹಲವಲ್ಲ. 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದು ಇದರ ಮೇಲೆಯೇ: ದೊಡ್ಡ ಅವಿಭಾಜ್ಯಗಳನ್ನು ಗುರುತಿಸಿ ಗುಣಿಸುವುದು ಸುಲಭ, ಗುಣಲಬ್ಧವನ್ನು ಮರಳಿ ಒಡೆಯುವುದು ಬಲು ಕಷ್ಟ.

ಮೊದಲು ಹೇಳಿದ ದೈತ್ಯ 24ನೇ ಫರ್ಮಾ ಸಂಖ್ಯೆ. ಅದರ ಪರೀಕ್ಷೆಗೆ 1,67,77,215 ವರ್ಗಗಳು ಬೇಕು. 3,15,653 ಅಂಕಿಗಳ 20ನೆಯದರದ್ದೂ ಇದೇ ಸ್ಥಿತಿ: ಸಂಯುಕ್ತ ಎಂಬುದು ನಿಶ್ಚಿತ, ಅಪವರ್ತನ ಶೂನ್ಯ. ಐದರಿಂದ 32ರವರೆಗಿನ ಫರ್ಮಾ ಸಂಖ್ಯೆಗಳೆಲ್ಲವೂ ಸಂಯುಕ್ತ ಎಂದು ತೀರ್ಮಾನವಾಗಿದೆ. 33ನೆಯದಕ್ಕೆ 258 ಕೋಟಿಗೂ ಹೆಚ್ಚು ಅಂಕಿಗಳಿವೆ. ಪೆಪಾನ್ ಪರೀಕ್ಷೆಯನ್ನು ಅದರ ಮೇಲೆ ನಡೆಸಬೇಕಾದರೆ ಅಷ್ಟು ಉದ್ದದ ಸಂಖ್ಯೆಗಳನ್ನು 858 ಕೋಟಿಗೂ ಹೆಚ್ಚು ಸಲ ವರ್ಗ ಮಾಡಬೇಕು. ಅದರ ಅಪವರ್ತನವೂ ಸಿಕ್ಕಿಲ್ಲ; ಅದು ಅವಿಭಾಜ್ಯವೋ ಸಂಯುಕ್ತವೋ ಎಂಬುದೂ ತೀರ್ಮಾನವಾಗಿಲ್ಲ.