ಒಂದೇ ಗಂಟು, ಆರು ಹೆಸರು: ಲಿಂಫೋಮಾ ರಿಪೋರ್ಟಿನ ಹಿಂದಿನ ಜಗಳ

ಲಿಂಫೋಮಾ, ಅಂದರೆ ದುಗ್ಧ ಗ್ರಂಥಿಗಳ ಕ್ಯಾನ್ಸರ್, ಇದ್ದವರ ಬಯಾಪ್ಸಿ ರಿಪೋರ್ಟ್ ನೋಡಿದ್ದೀರಾ? ಕಾಯಿಲೆಯ ಹೆಸರೇ ಒಂದೂವರೆ ಸಾಲು ಇರುತ್ತದೆ. ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ, ಅದರ ಕೆಳಗೆ ಸಿಡಿ20 ಪಾಸಿಟಿವ್, ಸಿಡಿ3 ನೆಗೆಟಿವ್, ಕೆಐ-67 ಇಷ್ಟು ಪರ್ಸೆಂಟ್. ಮನೆಯವರ ಪ್ರಶ್ನೆ ಒಂದೇ: ಕ್ಯಾನ್ಸರ್ ಅಂತ ಗೊತ್ತಾಯ್ತಲ್ಲ, ಇನ್ನೂ ಯಾಕೆ ಟೆಸ್ಟ್ ಮೇಲೆ ಟೆಸ್ಟ್? ನ್ಯಾಯವಾದ ಪ್ರಶ್ನೆಯೇ. ಉತ್ತರ ಬೇಕಾದರೆ ಸುಮಾರು 190 ವರ್ಷ ಹಿಂದಕ್ಕೆ ಹೋಗಬೇಕು.

ಲಂಡನ್ನಿನ ಗೈಸ್ ಆಸ್ಪತ್ರೆಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಥಾಮಸ್ ಹಾಜ್‌ಕಿನ್ 1832ರಲ್ಲಿ ಒಂದು ಪ್ರಬಂಧ ಬರೆದರು. ದುಗ್ಧ ಗ್ರಂಥಿ ಮತ್ತು ಗುಲ್ಮಕ್ಕೆ ಹಬ್ಬಿದ ವಿಚಿತ್ರ ಕಾಯಿಲೆಯ 7 ರೋಗಿಗಳ ವಿವರ ಅದರಲ್ಲಿತ್ತು. ಹೆಣ ಕೊಯ್ದು, ಬರಿಗಣ್ಣಲ್ಲಿ ನೋಡಿ ಬರೆದದ್ದು. ಆಗ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 1865ರಲ್ಲಿ ಸ್ಯಾಮ್ಯುಯಲ್ ವಿಲ್ಕ್ಸ್ ಎಂಬ ವೈದ್ಯರು ಆ ಕಾಯಿಲೆಗೆ ಹಾಜ್‌ಕಿನ್ ಹೆಸರನ್ನೇ ಇಟ್ಟರು. ತಮಾಷೆ ನೋಡಿ, ಮ್ಯೂಸಿಯಂನಲ್ಲಿ ಉಳಿದಿದ್ದ ಆ ಹಳೇ ತುಣುಕುಗಳನ್ನು 1926ರಲ್ಲಿ ಹರ್ಬರ್ಟ್ ಫಾಕ್ಸ್ ಮೈಕ್ರೋಸ್ಕೋಪಿನಡಿ ಇಟ್ಟಾಗ, ಅವುಗಳಲ್ಲಿ ಹಾಜ್‌ಕಿನ್ ಕಾಯಿಲೆ ಅಲ್ಲದ್ದೂ ಇತ್ತು ಅಂತ ಗೊತ್ತಾಯಿತು.

ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಮತ್ತು ಬರ್ಲಿನ್ನಿನ ರುಡಾಲ್ಫ್ ವಿರ್ಖೋ, ಕೆಲವೇ ವಾರಗಳ ಅಂತರದಲ್ಲಿ, ಬಿಳಿಕಣ ತುಂಬಿದ ರಕ್ತದ ಬಗ್ಗೆ ಬರೆದರು. ರಕ್ತವೇ ಕೀವಾಗಿದೆ ಅಂದರು ಬೆನೆಟ್. ಕೀವಲ್ಲ, ಬಿಳಿ ರಕ್ತಕಣಗಳೇ ಮಿತಿಮೀರಿ ಹೆಚ್ಚಾಗಿವೆ ಅಂದರು ವಿರ್ಖೋ. ಅಲ್ಲಿಂದ ಎರಡು ಮನೆ ಆಯಿತು. ರಕ್ತದಲ್ಲಿ ಕಂಡರೆ ಲ್ಯುಕೇಮಿಯಾ, ಗಂಟಾಗಿ ಕಂಡರೆ ಲಿಂಫೋಮಾ. ಈ ಗೋಡೆ ಎಷ್ಟು ತೆಳು ಅಂದರೆ, ಇವತ್ತು ಸಿಎಲ್‌ಎಲ್ ಎಂಬ ಲ್ಯುಕೇಮಿಯಾವನ್ನೂ ಎಸ್‌ಎಲ್‌ಎಲ್ ಎಂಬ ಲಿಂಫೋಮಾವನ್ನೂ ಒಂದೇ ಕಾಯಿಲೆ ಅಂತ ಮಧ್ಯೆ ಗೆರೆ ಹಾಕಿ ಒಟ್ಟಿಗೆ ಬರೆಯುತ್ತಾರೆ.

ಮೈಕ್ರೋಸ್ಕೋಪಿನಡಿ ನೋಡತೊಡಗಿದ ಮೇಲೆ ಹಾಜ್‌ಕಿನ್ ಗಂಟಿನೊಳಗೆ ಒಂದು ದೊಡ್ಡ ಕಣ ಕಂಡಿತು. ಎರಡು ನ್ಯೂಕ್ಲಿಯಸ್, ಒಂದೊಂದರ ನಡುವೆ ಗಾಢ ಬೊಟ್ಟು, ಥೇಟ್ ಗೂಬೆ ಕಣ್ಣು ಬಿಟ್ಟು ನೋಡಿದ ಹಾಗೆ. 1898ರಲ್ಲಿ ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ ಅದನ್ನು ವಿವರಿಸಿದರು, ಆದರೆ ಕಾಯಿಲೆ ಟಿಬಿಯದೇ ಒಂದು ರೂಪ ಅಂದುಕೊಂಡರು. 1902ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಡೊರೋಥಿ ರೀಡ್ ಎಂಬ ಯುವ ವೈದ್ಯೆ, ಇದು ಟಿಬಿ ಅಲ್ಲವೇ ಅಲ್ಲ ಅಂತ ಕಡ್ಡಿ ಮುರಿದ ಹಾಗೆ ಬರೆದರು. ಹೆಣ್ಣಾದ ಕಾರಣಕ್ಕೆ ಅಲ್ಲಿ ಮೇಲಿನ ಹುದ್ದೆ ಸಿಗುವುದಿಲ್ಲ ಅಂತ ಗೊತ್ತಾಗಿ ಅವರು ಆ ಸಂಸ್ಥೆಯನ್ನೇ ಬಿಟ್ಟರು. ಆ ಗೊಂದಲ ಮುಗಿದ ಕಥೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಕತ್ತಿನ ಗಂಟು ಅಂದರೆ ಈಗಲೂ ಮೊದಲ ಅನುಮಾನ ಟಿಬಿ ಮೇಲೇ, ಮೊದಲು ಟಿಬಿ ಮಾತ್ರೆ ನುಂಗಿ, ಕಡಿಮೆಯಾಗದೆ, ಆಮೇಲೆ ಬಯಾಪ್ಸಿಗೆ ಬರುವವರು ಇದ್ದೇ ಇದ್ದಾರೆ.

ನಿಜವಾದ ಗಲಾಟೆ ಶುರುವಾಗಿದ್ದು ಹಾಜ್‌ಕಿನ್ ಅಲ್ಲದ ಲಿಂಫೋಮಾಗಳಲ್ಲಿ. 1956ರಲ್ಲಿ ಮತ್ತು 1966ರಲ್ಲಿ ಅಮೆರಿಕದ ಹೆನ್ರಿ ರಾಪಪೋರ್ಟ್ ಒಂದು ಸರಳ ಲೆಕ್ಕ ಕೊಟ್ಟರು. ಕಣಗಳು ಗುಂಪುಗುಂಪಾಗಿ ಕೂತಿವೆಯೋ, ಇಡೀ ಗಂಟಿನ ತುಂಬ ಹರಡಿವೆಯೋ? ಚಿಕ್ಕವೋ, ದೊಡ್ಡವೋ? ಮೊದಲ ಪ್ರಶ್ನೆ ಬಹಳ ಒಳ್ಳೆಯದು. ಸೂಜಿ ಟೆಸ್ಟ್ ಸಾಲದು, ಗಂಟನ್ನೇ ತೆಗೆದು ನೋಡಬೇಕು ಅಂತ ಡಾಕ್ಟರು ಹಟ ಹಿಡಿಯುವುದು ಇದಕ್ಕೇ. ಸೂಜಿಯಲ್ಲಿ ಕಣ ಬರುತ್ತದೆ, ಅವು ಕೂತಿದ್ದ ಜೋಡಣೆ ಬರುವುದಿಲ್ಲ. ಎಡವಿದ್ದು ಎರಡನೆಯದರಲ್ಲಿ. ದೊಡ್ಡ ಕಣಗಳನ್ನು ರಾಪಪೋರ್ಟ್ ಹಿಸ್ಟಿಯೋಸೈಟ್ ಅಂದರು, ಅಂದರೆ ದೇಹದ ಕಸ ನುಂಗುವ ಕಣ. ನೋಡೋಕೆ ಹಾಗೇ ಇದ್ದವು, ಅಷ್ಟೇ.

ಆ ತಪ್ಪು ಬಯಲಾಗಲು ದಾರಿ ಮಾಡಿದ್ದು ರಾಜ್ಮಾ ಕಾಳು! ಫಿಲಡೆಲ್ಫಿಯಾದ ಪೀಟರ್ ನೋವೆಲ್ ರಕ್ತದಿಂದ ಕೆಂಪುಕಣ ಬೇರ್ಪಡಿಸಲು ಆ ಜಾತಿಯ ಕಾಳಿನಿಂದ ತೆಗೆದ ಫೈಟೋಹೀಮಾಗ್ಲುಟಿನಿನ್ ಬಳಸುತ್ತಿದ್ದರು. ಇನ್ನು ಮುಂದೆ ಬೆಳೆಯುವುದಿಲ್ಲ ಅಂತ ಎಲ್ಲರೂ ನಂಬಿದ್ದ ಚಿಕ್ಕ ಲಿಂಫೋಸೈಟುಗಳು (ಒಂದು ಬಗೆಯ ಬಿಳಿ ರಕ್ತಕಣ) ಅದರಿಂದ ಎಚ್ಚೆತ್ತು, ಊದಿ ದೊಡ್ಡದಾಗಿ, ವಿಭಜನೆ ಆಗತೊಡಗಿದವು. ಇದು 1960. (ಅದೇ ವರ್ಷ ಅದೇ ನೋವೆಲ್, ಡೇವಿಡ್ ಹಂಗರ್‌ಫೋರ್ಡ್ ಜೊತೆ ಸೇರಿ ಸಿಎಂಎಲ್ ಲ್ಯುಕೇಮಿಯಾದಲ್ಲಿ ಫಿಲಡೆಲ್ಫಿಯಾ ಕ್ರೋಮೋಸೋಮ್ ಎಂಬ ಅಸಹಜ ಕ್ರೋಮೋಸೋಮ್ ಕಂಡುಹಿಡಿದರು. ಕೆಲವರ ಕೆಲವು ವರ್ಷಗಳೇ ಹಾಗೆ.) ಅಂದರೆ ರಾಪಪೋರ್ಟ್ ಕಂಡ ದೊಡ್ಡ ಕಣಗಳಲ್ಲಿ ಬಹುಪಾಲು ಹಿಸ್ಟಿಯೋಸೈಟ್ ಅಲ್ಲ, ರೂಪ ಬದಲಿಸಿದ ಲಿಂಫೋಸೈಟ್.

1974ರ ಹೊತ್ತಿಗೆ ಜರ್ಮನಿಯ ಕೀಲ್ ಊರಿನ ಕಾರ್ಲ್ ಲೆನ್ನರ್ಟ್ ಒಂದು ವರ್ಗೀಕರಣ, ಅಮೆರಿಕದ ಲ್ಯೂಕ್ಸ್ ಮತ್ತು ಕಾಲಿನ್ಸ್ ಇನ್ನೊಂದು ತಂದರು. ಹೇಗೆ ಕಾಣುತ್ತದೆ ಅನ್ನುವುದನ್ನು ಬಿಡಿ, ಯಾವ ಕಣದಿಂದ ಹುಟ್ಟಿತು ಹೇಳಿ, ಲಿಂಫೋಸೈಟಿನ ಎರಡು ಬಗೆಯಲ್ಲಿ ಬಿ-ಯೋ ಟಿ-ಯೋ? ಇದು ಅವರ ವಾದ. ಹಳಬರು ಒಪ್ಪಲಿಲ್ಲ. ಒಟ್ಟು ಆರು ಪದ್ಧತಿ ಚಾಲ್ತಿಗೆ ಬಂದವು, ಒಂದೇ ಸ್ಲೈಡಿಗೆ ಒಂದೊಂದು ಊರಲ್ಲಿ ಒಂದೊಂದು ಹೆಸರು. ಯಾವ ಔಷಧಿಗೆ ಯಾವ ರೋಗಿ ಗುಣವಾದ ಅಂತ ಹೋಲಿಸುವುದಾದರೂ ಹೇಗೆ? ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1,175 ರೋಗಿಗಳ ಸ್ಲೈಡುಗಳ ಮೇಲೆ ಆರನ್ನೂ ಪರೀಕ್ಷೆ ಮಾಡಿಸಿತು. ಯಾವುದೂ ಉಳಿದದ್ದಕ್ಕಿಂತ ಮೇಲಲ್ಲ ಅಂತ ತೀರ್ಪು ಬಂತು. ಕೊನೆಗೆ 1982ರಲ್ಲಿ ವರ್ಕಿಂಗ್ ಫಾರ್ಮುಲೇಶನ್ ಅಂತ ರಾಜಿ ಸೂತ್ರ ಹೊರಟಿತು. ಅದರಲ್ಲಿ ಬಿ, ಟಿ ಮಾತೇ ಇರಲಿಲ್ಲ! ನನ್ನ ಪ್ರಕಾರ ಇದು ಹೊತ್ತು ಮೀರಿ ಬಂದ ರಾಜಿ. ಯಾಕಂದ್ರೆ 1975ರಲ್ಲೇ ಕೇಂಬ್ರಿಡ್ಜಿನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಮೋನೋಕ್ಲೋನಲ್ ಆಂಟಿಬಾಡಿ, ಅಂದರೆ ಒಂದೇ ಗುರುತನ್ನು ಹುಡುಕಿ ಅಂಟುವ ಪ್ರೋಟೀನ್, ಮಾಡುವ ವಿಧಾನ ಕಂಡುಕೊಂಡಾಗಿತ್ತು.

ಆ ಆಂಟಿಬಾಡಿ ಲ್ಯಾಬಿನಲ್ಲಿ ಏನು ಮಾಡುತ್ತದೆ ನೋಡಿ. ಗಂಟನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಕೆಲವೇ ಮೈಕ್ರಾನ್ ದಪ್ಪಕ್ಕೆ ಹೆರೆದು ಗಾಜಿನ ಮೇಲೆ ಹಾಸುತ್ತಾರೆ. ಮಾಮೂಲಿ ಬಣ್ಣ ಹಾಕಿದರೆ ನ್ಯೂಕ್ಲಿಯಸ್ ನೀಲಿ, ಉಳಿದದ್ದು ಗುಲಾಬಿ. ಬಿ ಯಾವುದು, ಟಿ ಯಾವುದು, ಎಷ್ಟೇ ಅನುಭವ ಇದ್ದರೂ ಖಚಿತವಾಗಿ ಹೇಳೋಕೆ ಕಷ್ಟ. ಇನ್ನೊಂದು ತುಂಡಿಗೆ, ಬಿ ಕಣಗಳ ಮೈಮೇಲಿನ ಸಿಡಿ20 ಎಂಬ ಪ್ರೋಟೀನ್ ಹಿಡಿಯುವ ಆಂಟಿಬಾಡಿ ಹಾಕಿದರೆ ಬಿ ಕಣಗಳ ಅಂಚು ಮಾತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಮನೆಯವರು ಕೇಳಿದ ಆ ‘ಇನ್ನೊಂದು ಟೆಸ್ಟ್’ ಇದೇ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ರಿಟುಕ್ಸಿಮ್ಯಾಬ್ ಔಷಧಿ ಹಿಡಿಯುವುದೂ ಈ ಸಿಡಿ20ಯನ್ನೇ. ಟಿ-ಸೆಲ್ ಲಿಂಫೋಮಾಕ್ಕೆ ಅದನ್ನು ಕೊಟ್ಟರೆ ದುಡ್ಡು ದಂಡ, ಹೊತ್ತೂ ದಂಡ.

1994ರಲ್ಲಿ ಬೇರೆ ಬೇರೆ ದೇಶಗಳ 19 ಪೆಥಾಲಜಿಸ್ಟರು ಕೂತು, ಕಾಣುವ ರೂಪ, ಆಂಟಿಬಾಡಿ, ಜೀನ್, ರೋಗಿಯ ಸ್ಥಿತಿ ಎಲ್ಲ ಸೇರಿಸಿ ರಿಯಲ್ ಎಂಬ ಪಟ್ಟಿ ಮಾಡಿದರು. ಅದೇ ವರ್ಷ ಜರ್ಮನಿಯ ರಾಲ್ಫ್ ಕ್ಯೂಪರ್ಸ್ ಮತ್ತು ಸಂಗಡಿಗರು ಗಂಟಿನ ತುಂಡಿನಿಂದ ಆ ಗೂಬೆಗಣ್ಣಿನ ಕಣಗಳನ್ನು ಒಂದೊಂದಾಗಿ ಹೆಕ್ಕಿ, ಜೀನ್ ಓದಿ, ಅವು ಬಿ-ಸೆಲ್‌ನಿಂದ ಹುಟ್ಟಿದ್ದು ಅಂತ ತೋರಿಸಿದರು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕ ಬಂದಾಗ ರಿಯಲ್ ಪಟ್ಟಿಯೇ ಅದಕ್ಕೆ ತಳಪಾಯ. ಜಗತ್ತಿಗೆಲ್ಲ ಒಂದೇ ಪಟ್ಟಿ ಸಿಕ್ಕಿತು ಅಂತ ಎಲ್ಲರೂ ನಿಟ್ಟುಸಿರು ಬಿಟ್ಟರು.

2022ರಲ್ಲಿ ಮತ್ತೆ ಒಡಕು. ವಿಶ್ವ ಆರೋಗ್ಯ ಸಂಸ್ಥೆಯ ಐದನೇ ಆವೃತ್ತಿ ಒಂದು ಕಡೆ, ಹಿಂದಿನ ಆವೃತ್ತಿಗಳಲ್ಲಿ ದುಡಿದ ಹಲವರು ಸೇರಿ ತಂದ ಐಸಿಸಿ (ಇಂಟರ್ನ್ಯಾಷನಲ್ ಕನ್ಸೆನ್ಸಸ್ ಕ್ಲಾಸಿಫಿಕೇಶನ್) ಪಟ್ಟಿ ಇನ್ನೊಂದು ಕಡೆ. ಬಹುಪಾಲು ಒಂದೇ. ಆದರೆ ಮಿಕ್ ಮತ್ತು ಬಿಸಿಎಲ್6 ಎರಡೂ ಜೀನ್ ಮುರಿದು ಕೂಡಿದ ಲಿಂಫೋಮಾ ಐಸಿಸಿಯಲ್ಲಿ ತಾತ್ಕಾಲಿಕವಾಗಿಯಾದರೂ ಪ್ರತ್ಯೇಕ ಕಾಯಿಲೆ, ಇನ್ನೊಂದರಲ್ಲಿ ಅಲ್ಲ. ಹಾಗಾಗಿ ನಿಮ್ಮ ಕೈಗೆ ಬಂದ ರಿಪೋರ್ಟಿನಲ್ಲಿ ಒಂದೇ ಕಾಯಿಲೆಗೆ ಎರಡು ಹೆಸರು ಕಂಡರೆ ಗಾಬರಿ ಬೇಡ, ಲ್ಯಾಬಿನವರು ಎರಡೂ ಪುಸ್ತಕ ನೋಡಿ ಬರೆದಿರುತ್ತಾರೆ.