ಮನೆ ಮುಂದಿನ ರಸ್ತೆಯಲ್ಲಿ ಅಪ್ಪನ ಕಾರಿಗೆ ಜಾಗ ಮೀಸಲು ಇಡಿಸಬಹುದಾ?

ಪ್ರಶ್ನೆ: ನಮ್ಮದು ಬಳ್ಳಾರಿಯ ಸತ್ಯನಾರಾಯಣಪೇಟೆ. ಶುಗರ್ ಜಾಸ್ತಿಯಾಗಿ ಅಪ್ಪನ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ನಮ್ಮ ಕಾಂಪೌಂಡಿನೊಳಗೆ ಕಾರು ಹಿಡಿಸುವುದಿಲ್ಲ. ಗೇಟಿನ ಮುಂದೆ ದಿನಾ ಯಾರದೋ ಗಾಡಿ ನಿಂತಿರುತ್ತದೆ. ಆಸ್ಪತ್ರೆಯಿಂದ ಬಂದಾಗ ಅಪ್ಪನನ್ನು ನಾಲ್ಕು ಮನೆ ಆಚೆ ಇಳಿಸಿ, ಬಿಸಿಲಲ್ಲಿ ವಾಕರ್ ಹಿಡಿಸಿಕೊಂಡು ಕರೆತರಬೇಕು. ‘ವಿಕಲಚೇತನರಿಗೆ ಮೀಸಲು’ ಅಂತ ನಾವೇ ಬೋರ್ಡ್ ಹಾಕಿಕೊಳ್ಳಬಹುದಾ?

ಉತ್ತರ: ನಿಮ್ಮ ಗೇಟಿಗೆ ತೂಗುಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಅದನ್ನು ಪಾಲಿಸಲೇಬೇಕು ಅಂತ ಯಾರಿಗೂ ಕಡ್ಡಾಯವಿಲ್ಲ. ರಸ್ತೆ ನಮ್ಮ ಮನೆ ಮುಂದಿದ್ದರೂ ನಮ್ಮದಲ್ಲ, ಅಲ್ವಾ? ನಮ್ಮೂರಲ್ಲಿ ಹಳೆ ಟೈರು, ಸೈಜುಗಲ್ಲು, ನೀರು ತುಂಬಿದ ಪೇಂಟ್ ಡಬ್ಬಿ ಇಟ್ಟು ಜಾಗ ಹಿಡಿಯುವುದು ಮಾಮೂಲಿ. ಅದನ್ನಂತೂ ಮಾಡಬೇಡಿ. ರಾತ್ರಿ ಬೈಕಿನವರು ಯಾರಾದರೂ ಎಡವಿ ಬಿದ್ದರೆ ತಪ್ಪು ನಿಮ್ಮ ತಲೆಗೇ ಬರುತ್ತದೆ.

ಕಾನೂನಿನಲ್ಲಿ ಏನೂ ಇಲ್ಲವಾ ಅಂದರೆ, ಇದೆ, ಆದರೆ ನಿಮ್ಮ ಬೀದಿಯವರೆಗೆ ಬಂದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ವಿಕಲಚೇತನರಿಗೆ ಅನುಕೂಲವಾದ ಪಾರ್ಕಿಂಗ್ ಇರಬೇಕು ಅಂತ ಅದು ಹೇಳುತ್ತದೆ. ದೊಡ್ಡ ಕಟ್ಟಡಗಳಿಗೆ ಬೇರೆ ಅಳತೆ ಇದೆ: ಬಾಗಿಲಿನಿಂದ 30 ಮೀಟರ್ ಒಳಗೆ ಜಾಗ, ಅದರ ಅಗಲ ಕಡಿಮೆ ಅಂದರೂ 3.6 ಮೀಟರ್. ಮನೆಗಳ ಸಾಲಿನ ಬೀದಿಯಲ್ಲಿ ಇಂಥವರ ಮನೆ ಮುಂದೆ ಇಷ್ಟು ಜಾಗ ಬಿಡಬೇಕು ಅಂತ ಮಾತ್ರ ಅದರಲ್ಲಿ ಎಲ್ಲೂ ಬರೆದಿಲ್ಲ.

ಆ 3.6 ಮೀಟರ್ ಅಂದರೆ ಹತ್ತಿರ ಹತ್ತಿರ 12 ಅಡಿ. ಕಾರಿಗೆ ಅಷ್ಟೆಲ್ಲ ಬೇಕಿಲ್ಲ, ನಿಜ. ಆದರೆ ಬಾಗಿಲು ಪೂರ್ತಿ ತೆರೆಯಬೇಕು, ಪಕ್ಕಕ್ಕೆ ವೀಲ್‌ಚೇರ್ ಬರಬೇಕು, ಹಿಡಿದುಕೊಳ್ಳುವವರು ನಿಲ್ಲಬೇಕು. ಈಗ ನಿಮ್ಮ ರಸ್ತೆಯನ್ನು ನೆನಪಿಸಿಕೊಳ್ಳಿ. ನಮ್ಮ ಹಳೆ ಪೇಟೆಗಳಲ್ಲಿ, ಕೌಲ್ ಬಜಾರ್ ಕಡೆಯ ಗಲ್ಲಿಗಳಲ್ಲಿ, 20 ಅಡಿ ರಸ್ತೆ ಸಿಕ್ಕರೆ ಅದೇ ದೊಡ್ಡದು. ಅದರಲ್ಲೂ ಒಂದಿಷ್ಟು ಚರಂಡಿಗೆ, ಒಂದಿಷ್ಟು ಕಟ್ಟೆಗಳಿಗೆ ಹೋಗಿರುತ್ತದೆ. 12 ಅಡಿಗೆ ಬಣ್ಣ ಬಳಿದರೆ ನೀರಿನ ಟ್ಯಾಂಕರ್ ಎಲ್ಲಿಂದ ಹೋಗಬೇಕು?

ಇಷ್ಟಾದರೂ ಅರ್ಜಿ ಹಾಕಲು ದಾರಿ ಇದೆ. ಗಾಡಿಗಳು ಎಲ್ಲಿ ನಿಲ್ಲಬಹುದು ಅಂತ ಗೊತ್ತುಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನಲ್ಲಿದೆ. ರಾಜ್ಯ ಸರ್ಕಾರವೋ ಅದು ಅಧಿಕಾರ ಕೊಟ್ಟವರೋ ಸ್ಥಳೀಯ ಸಂಸ್ಥೆಯನ್ನು ಕೇಳಿ ನಿರ್ಧರಿಸುತ್ತಾರೆ. ಅದಕ್ಕೇ ಪಾಲಿಕೆ ಆಯುಕ್ತರಿಗೆ ಅರ್ಜಿ ಕೊಟ್ಟು, ಸಂಚಾರ ಠಾಣೆಗೂ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೂ ಪ್ರತಿ ಕೊಡಿ. ಅಪ್ಪನ ಯುಡಿಐಡಿ ಕಾರ್ಡಿನ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ನಕಲು, ಕಾರಿನ ಆರ್‌ಸಿ, ಬೆಳಿಗ್ಗೆ ಮತ್ತು ಸಂಜೆ ತೆಗೆದ ಬೀದಿಯ ಫೋಟೊ ಜೊತೆಗಿರಲಿ. ಎದುರು ಮನೆಯವರ ಸಹಿ ಸಿಕ್ಕರೆ ಇನ್ನೂ ಒಳ್ಳೆಯದು. ಟಪಾಲಿನಲ್ಲಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ನಾನು ಒಮ್ಮೆ ಸುಮ್ನೆ ಕೊಟ್ಟು ಬಂದಿದ್ದೆ. ಎರಡು ತಿಂಗಳಾದ ಮೇಲೆ ಹೋದರೆ ‘ಯಾವ ಅರ್ಜಿ ಸಾರ್?’ ಅಂದರು.

ಯುಡಿಐಡಿ ಕಾರ್ಡ್ ಬಗ್ಗೆ ಒಂದು ಮಾತು. ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆ ಇದ್ದರೆ ಅದರಲ್ಲಿ ಬಿಳಿ ಪಟ್ಟಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಅದಕ್ಕಿಂತ ಹೆಚ್ಚಿದ್ದರೆ ನೀಲಿ. ಅದು ಗುರುತಿನ ಚೀಟಿ, ಪಾರ್ಕಿಂಗ್ ಪಾಸಲ್ಲ. ಕಾರಿನ ಗಾಜಿಗೆ ಅಂಟಿಸುವ ವೀಲ್‌ಚೇರ್ ಸ್ಟಿಕ್ಕರ್ ಕೂಡ ಅಷ್ಟೇ. ಬ್ರಿಟನ್‌ನಲ್ಲಿ ‘ಬ್ಲೂ ಬ್ಯಾಡ್ಜ್’ ಅಂತ ಒಂದು ಪಾಸ್ ಇದೆ. ಅದನ್ನು ಕಾರಿಗಲ್ಲ, ವ್ಯಕ್ತಿಗೆ ಕೊಡುತ್ತಾರೆ. ಯಾರ ಕಾರಿನಲ್ಲಿ ಹೋದರೂ ಅದನ್ನು ಇಟ್ಟುಕೊಳ್ಳಬಹುದು. ಅಲ್ಲಿ ಮನೆ ಎದುರಿನ ಬೀದಿಯಲ್ಲೂ ಜಾಗ ಗುರುತು ಮಾಡಿಕೊಡುವುದುಂಟು. ಆದರೂ ಆ ಜಾಗ ಕೇಳಿದವರ ಸ್ವಂತದ್ದಾಗುವುದಿಲ್ಲ. ಬ್ಯಾಡ್ಜ್ ಇರುವ ಯಾರು ಬೇಕಾದರೂ ಬಂದು ನಿಲ್ಲಿಸಬಹುದು. ನಿಮ್ಮ ಬೀದಿಯಲ್ಲೂ ಬಣ್ಣ ಬಳಿದರು ಅಂತಿಟ್ಟುಕೊಳ್ಳಿ, ಅದು ಅಪ್ಪನೊಬ್ಬರಿಗೇ ಅಂತ ಆಗುವುದಿಲ್ಲ. ಮೂರು ಗಾಲಿ ಸ್ಕೂಟರಿನಲ್ಲಿ ಬರುವ ಪಕ್ಕದ ಓಣಿಯವರಿಗೂ ಅಷ್ಟೇ ಹಕ್ಕು.

ನನ್ನನ್ನು ಕೇಳಿದರೆ, ನಿಮಗೆ ಬೇಗ ಕೆಲಸಕ್ಕೆ ಬರುವುದು ಬೇರೊಂದು ನಿಯಮ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಯಾವುದೇ ಮನೆ, ಆವರಣದ ಪ್ರವೇಶಕ್ಕೆ ಅಡ್ಡವಾಗಿ ಗಾಡಿ ನಿಲ್ಲಿಸುವ ಹಾಗಿಲ್ಲ. ಇದಕ್ಕೆ ಯುಡಿಐಡಿ ಕಾರ್ಡೂ ಬೇಡ, ಬಣ್ಣವೂ ಬೇಡ. ಗೇಟಿನಷ್ಟು ಅಗಲ ಖಾಲಿ ಇದ್ದರೆ ಕಾರು ಅಲ್ಲಿಗೇ ಬಂದು ನಿಲ್ಲುತ್ತದೆ, ಅಪ್ಪ ಇಳಿಯುತ್ತಾರೆ. ಆಮೇಲೆ ಕಾರನ್ನು ನೀವು ಎಲ್ಲಾದರೂ ದೂರದಲ್ಲಿ ಇಟ್ಟು ಬನ್ನಿ. ಅಪ್ಪನಿಗೆ ಬೇಕಾಗಿರುವುದು ಇಳಿಯುವ ಜಾಗ. ಕಾರು ರಾತ್ರಿಯೆಲ್ಲ ಅಲ್ಲೇ ಮಲಗಬೇಕು ಅಂತೇನಿಲ್ಲವಲ್ಲ.

ಯಾರಾದರೂ ಅಡ್ಡ ನಿಲ್ಲಿಸಿದರೆ ಗಾಡಿಯ ನಂಬರ್ ಕಾಣುವ ಹಾಗೆ ಫೋಟೊ ತೆಗೆದು ಸಂಚಾರ ಠಾಣೆಗೆ ಕೊಡಿ. ಹೊರಡಲೇಬೇಕಾದ ಹೊತ್ತಿನಲ್ಲಿ 112ಕ್ಕೆ ಫೋನ್ ಮಾಡಿ. ಅದಕ್ಕೂ ಮುಂಚೆ ಒಮ್ಮೆ ‘ಅಣ್ಣ, ಅಪ್ಪನಿಗೆ ನಡೆಯೋಕಾಗಲ್ಲ’ ಅಂತ ಹೇಳಿ ನೋಡಿ. ಜೀನ್ಸ್ ಬಂಡಲ್ ಇಳಿಸಲು ಬರುವ ಲಗೇಜ್ ಆಟೊದವನಿಗೆ ನಿಮ್ಮ ಮನೆಯಲ್ಲಿ ಯಾರಿದ್ದಾರೆ ಅಂತ ಹೇಗೆ ಗೊತ್ತಿರಬೇಕು?

ಚರಂಡಿ ಮೇಲಿನ ಚಪ್ಪಡಿಯನ್ನೂ ನೋಡಿಕೊಳ್ಳಿ. ಅದು ಅಲುಗಾಡಿದರೆ ವಾಕರ್ ನಿಲ್ಲುವುದಿಲ್ಲ. ಮೆಟ್ಟಿಲಿನ ಬದಲು ಇಳಿಜಾರು ಮಾಡಿಸುವುದಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ರಸ್ತೆಗೆ ಚಾಚಿದರೆ ಪಾಲಿಕೆಯವರು ಒಡೆಯುತ್ತಾರೆ, ಹಾಗಾಗಿ ಕಾಂಪೌಂಡಿನ ಒಳಗೇ ತಿರುಗಿಸಿ ಕಟ್ಟಿಸಿ.

ಅರ್ಜಿಗೆ ಉತ್ತರವೇ ಬರದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ. ಸಿವಿಲ್ ಕೋರ್ಟಿನ ಹಾಗೆ ಅಧಿಕಾರಿಗಳನ್ನು ಕರೆಸಿ ಕೇಳುವ ಅಧಿಕಾರ ಅವರಿಗಿದೆ.

ಆದರೆ ಅರ್ಜಿ ಬರೆಯುವ ಮುಂಚೆ ಟೇಪ್ ಹಿಡಿದು ರಸ್ತೆ ಅಳೆಯಿರಿ. 30 ಅಡಿ ಇದ್ದರೆ ಗುರುತು ಹಾಕಿದ ಜಾಗವನ್ನೇ ಕೇಳಿ. 20 ಅಡಿ ಇದ್ದರೆ ಅದನ್ನು ಕೇಳಬೇಡಿ, ‘ಗೇಟಿನ ಮುಂದೆ ವಾಹನ ನಿಲುಗಡೆ ನಿಷೇಧ’ ಅನ್ನುವ ಫಲಕ ಕೇಳಿ.