ಲೆಕ್ಕ ಸೇರು ಅನ್ನುತ್ತದೆ, ಮನಸ್ಸು ಬೇಡ ಅನ್ನುತ್ತದೆ. ಯಾವುದನ್ನು ಕೇಳಲಿ?

ಪ್ರಶ್ನೆ: ಹೊಸ ಕೆಲಸಕ್ಕೆ ಕರೆ ಬಂದಿದೆ. ಸಂಬಳ, ಮುಂದಿನ ಅವಕಾಶ ಎಲ್ಲ ಲೆಕ್ಕ ಹಾಕಿದರೆ ಸೇರುವುದೇ ಸರಿ. ಆದರೂ ಮನಸ್ಸು ಒಪ್ಪುತ್ತಿಲ್ಲ. ಭಾವನೆಯನ್ನು ಬದಿಗಿಟ್ಟು ತರ್ಕದಿಂದಲೇ ನಿರ್ಧರಿಸಬೇಕಲ್ಲವೇ?

ಉತ್ತರ: ಭಾವನೆಯನ್ನು ಪೂರ್ತಿ ಬದಿಗಿಟ್ಟರೆ ನಿರ್ಧಾರವೇ ಕೈಗೆ ಹತ್ತುವುದಿಲ್ಲ. ಹಣೆಯ ಹಿಂದೆ, ಕಣ್ಣುಗಳ ಮೇಲ್ಭಾಗದಲ್ಲಿರುವ ಮಿದುಳಿನ ಭಾಗಕ್ಕೆ ಹಾನಿಯಾದ ರೋಗಿಗಳನ್ನು ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಪರೀಕ್ಷಿಸಿದರು. ಆ ರೋಗಿಗಳ ಬುದ್ಧಿ, ನೆನಪು, ಮಾತು ಎಲ್ಲ ಸರಿಯಾಗಿಯೇ ಇತ್ತು, ಭಾವನೆ ಮಂಕಾಗಿತ್ತು. ಅಂಥ ಒಬ್ಬ ರೋಗಿಗೆ ಮುಂದಿನ ಭೇಟಿಗೆಂದು ಎರಡು ದಿನಾಂಕ ಕೊಟ್ಟರು. ಆತ ಡೈರಿ ತೆರೆದು, ಆ ದಿನದ ಬೇರೆ ಕೆಲಸ, ಹವಾಮಾನ ಎಂದು ಒಂದೊಂದೇ ಕಾರಣ ಎಣಿಸುತ್ತ ಅರ್ಧ ಗಂಟೆಯಷ್ಟು ಕೂತ. ಕೊನೆಗೆ ಡಾಕ್ಟರೇ ಎರಡನೆಯ ದಿನಾಂಕಕ್ಕೆ ಬರಲು ಹೇಳಿದಾಗ ತಕ್ಷಣ ಒಪ್ಪಿ ಎದ್ದುಹೋದ. ಕಾರಣಗಳಿಗೇನೂ ಬರವಿರಲಿಲ್ಲ. ಇಷ್ಟು ಸಾಕು ಅನ್ನಿಸುವುದೇ ಇರಲಿಲ್ಲ.

ಡಮಾಸಿಯೊ ತಂಡದ ಇಸ್ಪೀಟ್ ಎಲೆಯಾಟದ ಪ್ರಯೋಗವೂ ಪ್ರಸಿದ್ಧ. ನಾಲ್ಕು ಕಟ್ಟು ಎಲೆ. ಎರಡರಲ್ಲಿ ಪ್ರತಿ ಎಲೆಗೂ 100 ಡಾಲರ್, ಆದರೆ ಹತ್ತು ಎಲೆ ಮುಗಿಯುವಷ್ಟರಲ್ಲಿ 1,250 ದಂಡ. ಇನ್ನೆರಡರಲ್ಲಿ 50 ಡಾಲರ್, ದಂಡ 250 ಮಾತ್ರ. ಆಟಗಾರರಿಗೆ ಈ ಗುಟ್ಟು ಗೊತ್ತಿಲ್ಲ. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸುಮಾರು ಹತ್ತು ಎಲೆ ದಾಟಿದ ಮೇಲೆ ಆರೋಗ್ಯವಂತರು ಕೆಟ್ಟ ಕಟ್ಟಿಗೆ ಕೈ ಚಾಚುವ ಮೊದಲೇ ಅವರ ಚರ್ಮದಲ್ಲಿ ಬೆವರಿನ ಸಂಕೇತ ಕಾಣಿಸಿಕೊಂಡಿತು. ಏನೋ ಸರಿಯಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದ್ದು ಐವತ್ತನೆಯ ಎಲೆಯ ಹೊತ್ತಿಗೆ. ಆಟಗಾರರಿಗೆ ಅದಕ್ಕೂ ಮೊದಲೇ ಅರಿವಿತ್ತು ಎಂಬ ಆಕ್ಷೇಪ 2004ರಲ್ಲಿ ಬಂತು, ಅದನ್ನು ತಳ್ಳಿಹಾಕುವಂತಿಲ್ಲ.

ಹಾಗೆಂದು ಅನ್ನಿಸಿದ್ದೆಲ್ಲ ನಿಜವಲ್ಲ. ಬೆಳಗಿನ ಜಗಳದ ಸಿಟ್ಟು ಮಧ್ಯಾಹ್ನದ ನಿರ್ಧಾರಕ್ಕೂ ಅಂಟಿಕೊಳ್ಳುತ್ತದೆ. ಸಿಟ್ಟಿನಲ್ಲಿ ಅಪಾಯ ಚಿಕ್ಕದಾಗಿ ಕಾಣುತ್ತದೆ, ಭಯದಲ್ಲಿ ದೊಡ್ಡದಾಗಿ. ಇನ್ನೊಂದು ತೊಂದರೆ ಅಭ್ಯಾಸದ್ದು. ಒಳದನಿ ನಂಬಿಕೆಗೆ ಅರ್ಹವಾಗಲು ಎರಡು ಷರತ್ತುಗಳಿವೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಗ್ಯಾರಿ ಕ್ಲೈನ್ 2009ರಲ್ಲಿ ಬರೆದರು: ಆ ಕ್ಷೇತ್ರದಲ್ಲಿ ಒಂದು ಕ್ರಮವಿರಬೇಕು, ತಪ್ಪು-ಒಪ್ಪು ತಿಳಿದು ಪಳಗುವ ಅವಕಾಶವೂ ಇರಬೇಕು. ಚದುರಂಗದ ನುರಿತ ಆಟಗಾರನಿಗೆ ಎರಡೂ ಇವೆ. ಜೀವನದಲ್ಲಿ ಎರಡು-ಮೂರು ಸಲ ಕೆಲಸ ಬದಲಿಸಿದವರಿಗೆ ಪಳಗುವಷ್ಟು ಅಭ್ಯಾಸ ಎಲ್ಲಿಂದ ಬರಬೇಕು?

ಈಗ ನಿಮ್ಮ ವಿಷಯ. 1772ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗೆಳೆಯರೊಬ್ಬರಿಗೆ ಬರೆದು ತಿಳಿಸಿದ ಕ್ರಮವೇ ಇವತ್ತಿಗೂ ಸಾಕು. ಹಾಳೆಯ ನಡುವೆ ಗೆರೆ ಎಳೆದು ಒಂದು ಬದಿಗೆ ಪರ, ಇನ್ನೊಂದು ಬದಿಗೆ ವಿರೋಧ ಬರೆಯಿರಿ. ಮೂರು-ನಾಲ್ಕು ದಿನ ಹೊಳೆದಂತೆಲ್ಲ ಸೇರಿಸಿ, ಸಮತೂಕದವನ್ನು ಎರಡೂ ಬದಿಯಿಂದ ಹೊಡೆದುಹಾಕಿ. ಒಂದೇ ಸಲ ಕೂತು ಮುಗಿಸಿದರೆ ಆ ಹೊತ್ತಿನ ಮೂಡೇ ಪಟ್ಟಿಯಾಗಿ ಇಳಿಯುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಆ ಹಾಳೆಗೆ ನಿಮ್ಮ ಅಳುಕೂ ಬರಲಿ, ಆದರೆ ಯಾವುದರ ಅಳುಕು ಎಂದು ಬಿಡಿಸಿ ಬರೆಯಿರಿ. ‘ಸಂದರ್ಶನದಲ್ಲಿ ಮೇಲಧಿಕಾರಿ ಎರಡು ಸಲ ನನ್ನ ಮಾತು ಅರ್ಧಕ್ಕೇ ತಡೆದರು’ ಎಂದಾದರೆ ಅದು ಸಂಬಳದ ಲೆಕ್ಕದಲ್ಲಿ ಇಲ್ಲದ ಮಾಹಿತಿ. ವಿರೋಧದ ಬದಿಗೆ ಹಾಕಿ, ಅಲ್ಲಿ ಕೆಲಸ ಮಾಡಿದವರನ್ನು ವಿಚಾರಿಸಿ. ‘ಹೊಸ ಜಾಗ, ಹೊಸ ಜನ’ ಎಂದಷ್ಟೇ ಆದರೆ ಯಾವ ಹೊಸ ಕೆಲಸಕ್ಕೂ ಅದು ಇದ್ದದ್ದೇ, ಹೊಡೆದುಹಾಕಿ.

ನಾಲ್ಕನೆಯ ದಿನವೂ ಎರಡು ಬದಿ ಸಮವಾಗಿಯೇ ಉಳಿದರೆ ಮತ್ತೆ ಕಾರಣ ಹುಡುಕುತ್ತ ಕೂರಬೇಡಿ. ಆಗ ಮನಸ್ಸು ವಾಲಿದ ಕಡೆಗೇ ಹೋಗಿ.